ಹೂಮಳೆಗೆ ಮುನ್ನ ಎಂಜಿನ್ ಎಬ್ಬಿಸುವ ಕೆಲಸ

ರೊಬಸ್ಟಾ ತೋಟದಲ್ಲಿ ಮೊಗ್ಗು ಬಲಿತು ನೀರಿಗೆ ಕಾದಿರುವ ದಿನಗಳು ಬಹಳವಲ್ಲ. ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರೇ ಗತಿ. ಹೂವಿನ ನೀರು ಕೊಟ್ಟ 15-20 ದಿನಕ್ಕೆ ಬ್ಯಾಕಿಂಗ್ ನೀರೂ ಬೇಕು. ಆ ಹೊತ್ತಿಗೆ ಜೂನ್‌ನಿಂದ ಶೆಡ್ಡಿನಲ್ಲಿ ಮಲಗಿದ್ದ ಪಂಪ್‌ಸೆಟ್ ಹಟ ಹಿಡಿದರೆ ಮೆಕ್ಯಾನಿಕ್ ಸಿಗುವುದಿಲ್ಲ. ಅವನು ಅಕ್ಕಪಕ್ಕದ ತೋಟಗಳಲ್ಲಿ ಅದೇ ಕೆಲಸದಲ್ಲಿರುತ್ತಾನೆ. ಆದಕಾರಣ ಕೊಯ್ಲಿನ ಗಡಿಬಿಡಿಯ ನಡುವೆಯೂ ಜನವರಿಯಲ್ಲೇ ಅರ್ಧ ದಿನ ಇದಕ್ಕೆ ಮೀಸಲಿಡಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.

ಚಳಿದೇಶಗಳಲ್ಲಿ ಯಂತ್ರಗಳಿಗೆ ಹಿಮದ ಭಯ. ನಮ್ಮ ಮಲೆನಾಡಿನಲ್ಲಿ ತೇವ, ಇಲಿ ಮತ್ತು ಕಣಜದ ಹುಳುವಿನ ಭಯ. ಡೀಸೆಲ್ ಎಂಜಿನ್ ಎದುರು ನಿಂತ ಕೂಡಲೇ ಹ್ಯಾಂಡಲ್‌ಗೆ ಕೈ ಹಾಕಬಾರದು. ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಿ, ಇಲಿ ಗೂಡು ಕಟ್ಟಿರುವುದುಂಟು. ಸೈಲೆನ್ಸರ್ ಬಾಯಲ್ಲಿ ಕಣಜ ಮಣ್ಣು ಮೆತ್ತಿರುವುದುಂಟು. ಡೀಸೆಲ್‌ಗಿಂತ ನೀರು ಭಾರವಾದ್ದರಿಂದ ಟ್ಯಾಂಕಿನ ತಳದಲ್ಲಿ ಸೇರಿರುತ್ತದೆ. ತಳದ ಎಣ್ಣೆಯನ್ನು ಗಾಜಿನ ಬಾಟಲಿಗೆ ಇಳಿಸಿದರೆ ಕಣ್ಣಿಗೇ ಕಾಣುತ್ತದೆ. ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆಯೆಂದೇ ತಿಳಿದು ಪೂರ್ತಿ ಬದಲಾಯಿಸಬೇಕು.

ಅನಂತರ ಡಿಕಂಪ್ರೆಷನ್ ಲಿವರ್ ಎತ್ತಿ ಹತ್ತು-ಹದಿನೈದು ಸುತ್ತು ನಿಧಾನವಾಗಿ ತಿರುಗಿಸಿದರೆ ಒಣಗಿದ ಭಾಗಗಳಿಗೆ ಎಣ್ಣೆ ತಲುಪುತ್ತದೆ. ತಿರುಗಲೇ ಇಲ್ಲವೆ? ಸುತ್ತಿಗೆ, ಹಾರೆ ತರಬೇಡಿ. ರಿಂಗ್ ತುಕ್ಕು ಹಿಡಿದು ಅಂಟಿರಬಹುದು. ಇಂಜೆಕ್ಟರ್ ತೆಗೆದು ನಾಲ್ಕೈದು ಚಮಚ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬೆಳಿಗ್ಗೆ ಇಂಜೆಕ್ಟರ್ ಇಲ್ಲದೆಯೇ ತಿರುಗಿಸಿ ಆ ಎಣ್ಣೆಯನ್ನು ಹೊರಹಾಕಿದ ಮೇಲಷ್ಟೇ ಜೋಡಿಸತಕ್ಕದ್ದು. ಒಳಗೇ ಉಳಿದರೆ ಕನೆಕ್ಟಿಂಗ್ ರಾಡ್ ಬಾಗೀತು.

ಎಲ್ಲ ಸರಿಯಿದ್ದೂ ಚಾಲೂ ಆಗದಿದ್ದರೆ ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದಿರುತ್ತದೆ. ಫಿಲ್ಟರಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದೆ ಡೀಸೆಲ್ ಬರುವವರೆಗೆ ಹರಿಯಬಿಟ್ಟು ಬಿಗಿದರಾಯಿತು. ಈ ಐದು ನಿಮಿಷದ ಕೆಲಸಕ್ಕೆ ಪೇಟೆಯಿಂದ ಜನ ಕರೆಸುವುದು ನಮಗೇನೋ ಸರಿಕಾಣುವುದಿಲ್ಲ. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಪಂಪಿನ ಕಡೆ ಫುಟ್‌ವಾಲ್ವ್‌ನ ವಾಷರ್ ಒಣಗಿ ಸೀಳಿದ್ದರೆ ತುಂಬಿದ ನೀರು ನಿಲ್ಲದು. ಗ್ಲ್ಯಾಂಡ್ ಹಗ್ಗವನ್ನು ಒಂದು ಹನಿಯೂ ಬಾರದಂತೆ ಬಿಗಿಯುವುದು ತಪ್ಪು. ಓಡುವಾಗ ಅಲ್ಲಿ ತೊಟ್ಟು ತೊಟ್ಟಾಗಿ ನೀರು ಬೀಳಬೇಕು, ಇಲ್ಲವಾದರೆ ಶಾಫ್ಟ್ ಸವೆಯುತ್ತದೆ.

ಪೆಟ್ರೋಲ್ ಯಂತ್ರಗಳ ಕಥೆ ಬೇರೆ. 2023ರಿಂದ ಬಂಕುಗಳಿಗೆ ಬಂದಿರುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿ ಮೀರಿದರೆ ಎಥನಾಲ್ ನೀರಿನೊಡನೆ ಬೇರೆಯಾಗಿ ತಳಕ್ಕಿಳಿಯುತ್ತದೆ. ವೀಡ್ ಕಟರಿನ ಕಾರ್ಬೊರೇಟರ್ ಮೊದಲು ಹೀರುವುದು ಅದನ್ನೇ. ಆದ್ದರಿಂದ ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು, ಹೊಸತಕ್ಕೆ ಯಂತ್ರದ ಮೇಲೆ ಬರೆದಿರುವ ಪ್ರಮಾಣದಲ್ಲೇ ಟು-ಸ್ಟ್ರೋಕ್ ಆಯಿಲ್ ಬೆರೆಸಿ. ಪ್ಲಗ್ಗಿನ ಕಿಡಿ ನೋಡುವವರು ಟ್ಯಾಂಕ್ ಹಾಗೂ ಪ್ಲಗ್ಗಿನ ತೂತಿನಿಂದ ದೂರ ಹಿಡಿದು ನೋಡಬೇಕು.

ಅಡಕೆಗೆ ಬೋರ್ಡೋ ಹೊಡೆದ ಸ್ಪ್ರೇಯರ್ ತೊಳೆಯದೆ ಇಟ್ಟಿದ್ದರೆ ಸುಣ್ಣ ಗಟ್ಟಿಯಾಗಿ ವಾಲ್ವ್ ಅಂಟಿರುತ್ತದೆ, ಮೈಲುತುತ್ತು ಕಬ್ಬಿಣವನ್ನು ತಿಂದಿರುತ್ತದೆ. ಬಿಚ್ಚಿ ತೊಳೆದು, ಬರೀ ನೀರಿನಲ್ಲಿ ಓಡಿಸಿ ನೋಡಿ.

ಹಳೆಯ ಎಂಜಿನ್ ಕೊಳ್ಳುವವರಿಗೆ ಒಂದು ಮಾತು. ಹೋದೊಡನೆ ಎಂಜಿನ್ ಮುಟ್ಟಿ ನೋಡಿ. ಆಗಲೇ ಬಿಸಿಯಿದ್ದರೆ, ತಣ್ಣಗಿದ್ದಾಗ ಸುಲಭವಾಗಿ ಚಾಲೂ ಆಗದ ಯಂತ್ರವಿರಬಹುದು. ಅದು ಆರುವ ತನಕ ಮಾಲೀಕರ ಜೊತೆ ಕಾಫಿ ಕುಡಿದು, ಆಮೇಲೆ ನಿಮ್ಮ ಕೈಯಿಂದಲೇ ಚಾಲೂ ಮಾಡಿ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ರಿಂಗ್ ಮತ್ತು ಲೈನರಿನ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.