ಕಿವಿಯೇ ಪಾಠಪುಸ್ತಕ: ಹಾಡು ಕೇಳಿ ಗಿಟಾರ್ ನುಡಿಸುವ ಕಲಿಕೆ

ಗಡಿನಾಡಿನ ಕನ್ನಡ ಮನೆಗಳಿಗೆ ಗಿಟಾರ್ ಈಗ ಅಪರಿಚಿತ ವಾದ್ಯವಲ್ಲ. ಕೇರಳ ಶಾಲಾ ಕಲೋತ್ಸವದ ಹೈಯರ್ ಸೆಕೆಂಡರಿ ವಿಭಾಗದಲ್ಲಿ ಪಾಶ್ಚಾತ್ಯ ಶೈಲಿಯ ಗಿಟಾರ್ ವಾದನವು ಸ್ಪರ್ಧೆಯ ಒಂದು ವಿಷಯವೇ ಆಗಿದೆ. ಇಗರ್ಜಿಯ ಗಾಯನವೃಂದದಲ್ಲಿಯೂ ಕಾಲೇಜಿನ ವೇದಿಕೆಯಲ್ಲಿಯೂ ಅದನ್ನು ಕಂಡ ಮಕ್ಕಳು ತಮಗೂ ಒಂದು ಬೇಕೆಂದು ಹಟ ಹಿಡಿಯುವುದು ಸಹಜ. ತೊಡಕು ತಲೆದೋರುವುದು ವಾದ್ಯ ಮನೆಗೆ ಬಂದ ಮೇಲೆ. ಕಲಿಕೆಯ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಕಾರ್ಡ್‌ಗಳ ಹೆಸರುಗಳು ರೋಮನ್ ಅಕ್ಷರಗಳಲ್ಲಿವೆ. ಜನಪ್ರಿಯ ಸಿನಿಮಾ ಹಾಡುಗಳಿಗೆ ಸಿದ್ಧ ಕಾರ್ಡ್ ಪಟ್ಟಿ ದೊರೆಯುತ್ತದೆಯಾದರೂ ಅಜ್ಜಿ ಹಾಡುವ ಶೋಭಾನೆಗೆ, ಭಜನಾ ಮಂದಿರದ ದಾಸರ ಪದಕ್ಕೆ, ಶಾಲೆಯ ಪ್ರಾರ್ಥನೆಗೆ ಅಂತಹ ಪಟ್ಟಿ ಬರೆದಿಟ್ಟವರು ವಿರಳ. ಪರಿಣಾಮವಾಗಿ, ಕನ್ನಡ ಶಾಲೆಯಲ್ಲಿ ಓದುವ ಮಗುವಿಗೆ ಗಿಟಾರ್ ಎಂದರೆ ತನ್ನದಲ್ಲದ ಹಾಡುಗಳ ವಾದ್ಯ ಎಂಬ ಭಾವನೆ ಬೇರೂರುತ್ತದೆ.

ಈ ಭಾವನೆ ಬೇರೂರಬೇಕಾದ ಅಗತ್ಯವಿಲ್ಲ. ಬರೆದದ್ದನ್ನು ಓದಿ ನುಡಿಸುವುದಲ್ಲದೆ, ಕೇಳಿದ್ದನ್ನು ಗ್ರಹಿಸಿ ನುಡಿಸುವ ಮಾರ್ಗವೊಂದಿದೆ. ಅದಕ್ಕೆ ಬೇಕಾದ ಮುಖ್ಯ ಸಾಧನ ಕಿವಿ. ಆ ಕಿವಿ ಗಡಿನಾಡಿನ ಮಗುವಿಗೆ ಈಗಾಗಲೇ ಪಳಗಿದೆ. ಏಳು ಭಾಷೆಗಳ ಸಂಗಮಭೂಮಿ ಎನಿಸಿದ ಕಾಸರಗೋಡಿನಲ್ಲಿ ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ, ತರಗತಿಯಲ್ಲಿ ಕನ್ನಡವನ್ನು, ಬಸ್ಸಿನಲ್ಲಿ ಮಲಯಾಳವನ್ನು ಆಡುವ ಮಗು ಈ ನುಡಿಗಳಲ್ಲಿ ಹಲವನ್ನು ವ್ಯಾಕರಣ ಓದಿ ಕಲಿತದ್ದಲ್ಲ. ಕೇಳಿತು, ಅನುಕರಿಸಿತು, ತಪ್ಪಿತು, ತಿದ್ದಿಕೊಂಡಿತು. ಹಾಡನ್ನು ತಂತಿಯ ಮೇಲೆ ತರುವ ಕ್ರಮವೂ ಇದೇ ನಾಲ್ಕು ಹೆಜ್ಜೆಗಳದು.

ಕೇಳಿ ಕಲಿತವರು

ಅಮೆರಿಕದ ಜಾಝ್ ಸಂಗೀತದ ಹೆಸರಾಂತ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ 1923ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಹುಟ್ಟಿದವನು. ಆತನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಚಾರ್ಲಿ ಕ್ರಿಶ್ಚಿಯನ್ ಎಂಬ ವಾದಕನ ಧ್ವನಿಮುದ್ರಿಕೆಗಳನ್ನು ಮತ್ತೆ ಮತ್ತೆ ಕೇಳಿ, ಅದರಲ್ಲಿದ್ದುದನ್ನು ಸ್ವರಸ್ವರವಾಗಿ ತನ್ನ ಗಿಟಾರಿನ ಮೇಲೆ ತಂದುಕೊಂಡ. ಹಗಲು ಕೂಲಿಯ ದುಡಿಮೆ, ಇರುಳು ಅಭ್ಯಾಸ. ಕ್ರಿಶ್ಚಿಯನ್ ನುಡಿಸಿದ್ದನ್ನು ಹಾಗೆಯೇ ಒಪ್ಪಿಸುವುದರಿಂದ ಆರಂಭಿಸಿದ ಆತ ಕ್ರಮೇಣ ತನ್ನದೇ ಶೈಲಿಯನ್ನು ರೂಪಿಸಿಕೊಂಡು, ಮುಂದಿನ ಪೀಳಿಗೆಯ ವಾದಕರಿಗೆ ತಾನೇ ಪಾಠವಾದ.

ಕನ್ನಡ ನಾಡಿನಲ್ಲಿಯೇ ಇದಕ್ಕೆ ನಿದರ್ಶನವಿದೆ. 1924ರಲ್ಲಿ ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ ಜನಿಸಿದ ಕುಮಾರ ಗಂಧರ್ವರು ಬಾಲ್ಯದಲ್ಲಿ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಉಸ್ತಾದರ ಹಾಡುಗಾರಿಕೆಯನ್ನು ಯಥಾವತ್ತಾಗಿ ಹಾಡಿ ಸಭಿಕರನ್ನು ಬೆರಗುಗೊಳಿಸುತ್ತಿದ್ದರು. ಆದರೆ ಅವರ ಕಲಿಕೆ ಅನುಕರಣೆಯಲ್ಲಿ ನಿಲ್ಲಲಿಲ್ಲ. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಶಾಸ್ತ್ರವನ್ನು ಅಭ್ಯಸಿಸಿದರು. ಮುಂದೆ ಕ್ಷಯರೋಗದಿಂದ ಹಾಡಲಾಗದೆ ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಮಲಗಿದ್ದಾಗ ಸುತ್ತಲಿನ ಮಾಳವದ ಜನಪದ ಹಾಡುಗಳನ್ನು ಕಿವಿಯಿಂದಲೇ ಸಂಗ್ರಹಿಸಿ, ಅವುಗಳ ಒಳಗಿನ ರಾಗದ ಬೀಜಗಳನ್ನು ಗುರುತಿಸಿದರು. ಕೇಳುವುದು, ಅನುಕರಿಸುವುದು, ಕಾರಣವನ್ನು ಅರಿಯುವುದು, ಆಮೇಲೆ ತನ್ನದನ್ನು ಹೇಳುವುದು ಎಂಬ ಕ್ರಮ ಇಬ್ಬರ ಬದುಕಿನಲ್ಲಿಯೂ ಸಮಾನವಾಗಿದೆ.

ಇಂತಹವರ ಕಥೆ ಕೇಳಿದೊಡನೆ, ಅದು ದೈವದತ್ತ ಪ್ರತಿಭೆ, ನಮ್ಮ ಮಕ್ಕಳಿಗೆಲ್ಲಿಂದ ಬರಬೇಕು ಎಂಬ ಮಾತು ಹೆತ್ತವರ ಬಾಯಲ್ಲಿ ಬರುವುದುಂಟು. ಇಲ್ಲಿ ಎರಡು ಶಕ್ತಿಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ನಾದ ಕಿವಿಗೆ ಬಿದ್ದೊಡನೆ ಬೇರಾವ ಆಧಾರವೂ ಇಲ್ಲದೆ ಅದರ ಶ್ರುತಿಯನ್ನು ಹೆಸರಿಸುವ ಶಕ್ತಿ ಕೆಲವೇ ಮಂದಿಗೆ ಇರುವಂಥದು. ಒಂದು ಸ್ವರಕ್ಕೆ ಹೋಲಿಸಿದಾಗ ಇನ್ನೊಂದು ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ತಿಳಿಯುವ ಶಕ್ತಿ ಅಭ್ಯಾಸದಿಂದ ಬರುವಂಥದು. ಹಾಡು ಕೇಳಿ ನುಡಿಸಲು ಬೇಕಾದುದು ಈ ಎರಡನೆಯದು ಮಾತ್ರ.

ತಂತಿಯ ಲೆಕ್ಕ

ಗಿಟಾರಿನ ಕತ್ತಿನ ಮೇಲೆ ವೀಣೆಯ ಮೆಟ್ಟಿಲುಗಳಂತೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಎಂದು ಹೆಸರು. ಒಂದೊಂದು ಫ್ರೆಟ್ ಮೇಲೇರಿದಂತೆ ಸ್ವರವು ಅರ್ಧ ಸ್ವರದಷ್ಟು ಏರುತ್ತದೆ. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಒತ್ತಿದಾಗ ತಂತಿಯ ಕಂಪನ ಇಮ್ಮಡಿಯಾಗಿ, ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಸೆಕೆಂಡಿಗೆ 110 ಬಾರಿ ಕಂಪಿಸುವ ಐದನೆಯ ತಂತಿ ಅಲ್ಲಿ 220 ಬಾರಿ ಕಂಪಿಸುತ್ತದೆ.

ಸಂಗೀತ ಪಾಠಕ್ಕೆ ಹೋದ ಮಕ್ಕಳಿಗೆ ಈ ಲೆಕ್ಕ ಹೊಸದಲ್ಲ. ಒತ್ತದೆ ಬಿಟ್ಟ ತಂತಿಯನ್ನು ಷಡ್ಜವೆಂದು ಭಾವಿಸಿದರೆ 2, 4, 5, 7, 9, 11, 12ನೆಯ ಫ್ರೆಟ್‌ಗಳಲ್ಲಿ ಶಂಕರಾಭರಣದ ಸ್ವರಗಳು ಸಾಲಾಗಿ ದೊರೆಯುತ್ತವೆ. ಪಾಶ್ಚಾತ್ಯರ ಮೇಜರ್ ಸ್ಕೇಲ್ ಎಂಬುದು ಇದೇ. ಸರಳೆ ವರಸೆ ಕಲಿಯುವ ಮಾಯಾಮಾಳವಗೌಳ 1, 4, 5, 7, 8, 11, 12ರಲ್ಲಿದೆ. 2, 4, 7, 9, 12ನ್ನು ಮಾತ್ರ ನುಡಿಸಿದರೆ ಮೋಹನ. ಹೀಗೆ ಒಂದೇ ತಂತಿಯ ಮೇಲೆ ಸ್ವರಗಳ ನಡುವಿನ ಅಂತರ ಕಣ್ಣಿಗೂ ಕಾಣುವುದರಿಂದ ಮೊದಲ ಕೆಲವು ವಾರಗಳ ಅಭ್ಯಾಸ ಒಂದೇ ತಂತಿಯಲ್ಲಿ ನಡೆಯುವುದು ಒಳ್ಳೆಯದು.

ಶ್ರುತಿ ಮಾಡುವುದೇ ಕಿವಿಯ ಮೊದಲ ಪಾಠ. ದಪ್ಪನೆಯ ಆರನೆಯ ತಂತಿಯನ್ನು ಐದನೆಯ ಫ್ರೆಟ್‌ನಲ್ಲಿ ಒತ್ತಿದಾಗ ಬರುವ ಸ್ವರಕ್ಕೆ ಬಿಟ್ಟ ಐದನೆಯ ತಂತಿ ಸರಿಹೊಂದಬೇಕು. ಉಳಿದ ತಂತಿಗಳಿಗೂ ಇದೇ ಕ್ರಮ. ಮೂರನೆಯ ತಂತಿಯಿಂದ ಎರಡನೆಯದನ್ನು ಹೊಂದಿಸುವಾಗ ಮಾತ್ರ ನಾಲ್ಕನೆಯ ಫ್ರೆಟ್. ಎರಡು ತಂತಿಗಳು ತುಸು ಬೇರೆಯಾಗಿದ್ದರೆ ನಾದದಲ್ಲಿ ಅಲೆಯಂತಹ ನಡುಕ ಕೇಳುತ್ತದೆ. ಹತ್ತಿರವಾದಂತೆ ಅಲೆ ನಿಧಾನವಾಗಿ, ಒಂದಾದಾಗ ಇಲ್ಲವಾಗುತ್ತದೆ. ಶ್ರುತಿ ತೋರಿಸುವ ಯಂತ್ರ ಮೊಬೈಲಿನಲ್ಲಿದ್ದರೂ ಮೊದಲು ಕಿವಿಯಿಂದ ಹೊಂದಿಸಿ ಆಮೇಲೆ ಯಂತ್ರದಿಂದ ಪರೀಕ್ಷಿಸುವ ಮಗು ಬೇಗ ಮುಂದುವರಿಯುತ್ತದೆ.

ಒಂದು ಹಾಡನ್ನು ಹಿಡಿಯುವ ಕ್ರಮ

ಮೊದಲ ನಿಯಮ, ಗಿಟಾರನ್ನು ಬದಿಗಿರಿಸಿ ಹಾಡನ್ನು ಕೇಳುವುದು. ಪಲ್ಲವಿಯನ್ನು ಗುನುಗಲು ಬಂದ ಮೇಲೆಯೇ ವಾದ್ಯವನ್ನು ಕೈಗೆತ್ತಿಕೊಳ್ಳಬೇಕು. ಬಾಯಿಗೆ ಬಾರದ ಸ್ವರವನ್ನು ಬೆರಳು ಹುಡುಕುವುದು ಕತ್ತಲಲ್ಲಿ ತಡಕಿದಂತೆ.

ಎರಡನೆಯದು, ಆಧಾರ ಷಡ್ಜವನ್ನು ಗುರುತಿಸುವುದು. ಹಾಡು ಎಲ್ಲಿ ಬಂದು ವಿಶ್ರಮಿಸುತ್ತದೆಯೋ, ಯಾವ ಸ್ವರದಲ್ಲಿ ಮುಗಿದರೆ ಮನಸ್ಸಿಗೆ ಮುಗಿಯಿತೆನಿಸುತ್ತದೆಯೋ ಅದು ಸಾಮಾನ್ಯವಾಗಿ ಷಡ್ಜ. ಹಾಡಿನ ಮೊದಲ ಸ್ವರವೇ ಷಡ್ಜವಾಗಿರಬೇಕೆಂದಿಲ್ಲ. ಹುಟ್ಟುಹಬ್ಬದ ಶುಭಾಶಯದ ಇಂಗ್ಲಿಷ್ ಹಾಡು ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಅದು ಆರಂಭವಾಗುವುದು ಕೆಳಗಿನ ಪಂಚಮದಲ್ಲಿ, ಮುಗಿಯುವುದು ಷಡ್ಜದಲ್ಲಿ. ತೆಳ್ಳನೆಯ ಮೊದಲ ತಂತಿಯನ್ನು ಬಿಟ್ಟು ಮೀಟಿದಾಗ ಬರುವ ಸ್ವರವನ್ನು ಆ ಪಂಚಮವೆಂದು ಇಟ್ಟುಕೊಂಡರೆ ಷಡ್ಜ ಐದನೆಯ ಫ್ರೆಟ್‌ನಲ್ಲಿರುತ್ತದೆ; ಹಾಡಿನ ಅತಿ ಎತ್ತರದ ಸ್ವರ ಹನ್ನೆರಡನೆಯ ಫ್ರೆಟ್‌ನ ಮೇಲಿನ ಪಂಚಮ. ಇಡೀ ಹಾಡು ಒಂದೇ ತಂತಿಯಲ್ಲಿ ಅಡಗಿದೆ. ನಡುವಣ ಸ್ವರಗಳನ್ನು ಮಗು ತಾನೇ ಹುಡುಕಲಿ. ತಪ್ಪಿದರೆ ಕಿವಿಯೇ ಹೇಳುತ್ತದೆ.

ಮೂರನೆಯದು ಕಾರ್ಡ್. ಕೆಲವು ಸ್ವರಗಳನ್ನು ಒಟ್ಟಿಗೆ ಮೀಟುವುದೇ ಕಾರ್ಡ್. ಷಡ್ಜ, ಮಧ್ಯಮ, ಪಂಚಮಗಳ ಮೇಲೆ ಕಟ್ಟಿದ ಮೂರು ಕಾರ್ಡ್‌ಗಳಿಂದ ಅಸಂಖ್ಯ ಸರಳ ಹಾಡುಗಳಿಗೆ ಜೊತೆ ನೀಡಬಹುದು. ಮೇಲಿನ ಉದಾಹರಣೆಯಲ್ಲಿ ಅವು ಎ, ಡಿ, ಇ ಎಂಬ ಸುಲಭದ ಕಾರ್ಡ್‌ಗಳು. ಮೊದಲ ಸಾಲು ಎಯಿಂದ ಇಗೆ ಹೋಗುತ್ತದೆ, ಎರಡನೆಯದು ಇಯಿಂದ ಎಗೆ ಮರಳುತ್ತದೆ, ಮೂರನೆಯದು ಡಿಯನ್ನು ಮುಟ್ಟುತ್ತದೆ, ಕೊನೆಯದು ಇಯನ್ನು ಹಾದು ಎಯಲ್ಲಿ ನೆಲೆಸುತ್ತದೆ. ಕಾರ್ಡ್ ಯಾವಾಗ ಬದಲಾಗುತ್ತದೆಂದು ತಿಳಿಯಲು ಧ್ವನಿಮುದ್ರಣದ ಅತಿ ತಗ್ಗಿನ ನಾದವನ್ನು ಹಿಂಬಾಲಿಸಬೇಕು. ಅದು ಸ್ಥಳ ಬದಲಿಸಿದಲ್ಲಿ ಸಾಮಾನ್ಯವಾಗಿ ಕಾರ್ಡ್ ಕೂಡ ಬದಲಾಗಿರುತ್ತದೆ.

ನಾಲ್ಕನೆಯದು, ನಿಧಾನ. ಮೊಬೈಲಿನಲ್ಲಿ ಶ್ರುತಿ ಕೆಡದಂತೆ ಹಾಡಿನ ವೇಗವನ್ನು ಅರ್ಧಕ್ಕೆ ಇಳಿಸುವ ಸೌಕರ್ಯವಿದೆ. ಒಂದು ದಿನಕ್ಕೆ ಒಂದು ಸಾಲು ಸಾಕು. ಹಿಡಿದ ಸಾಲನ್ನು ಸ, ರಿ, ಗ, ಮ ಎಂದು ಕನ್ನಡ ಅಕ್ಷರಗಳಲ್ಲಿಯೇ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಹೀಗೆ ವರ್ಷವೊಂದು ಕಳೆದರೆ, ಎಲ್ಲಿಯೂ ಮಾರಾಟಕ್ಕಿಲ್ಲದ ಒಂದು ಕನ್ನಡ ಗಿಟಾರ್ ಪುಸ್ತಕ ಮಗುವಿನ ಕೈಯಲ್ಲಿರುತ್ತದೆ.

ನಮ್ಮ ಹಾಡುಗಳ ವಿಶೇಷ

ನಮ್ಮ ಹಾಡುಗಳೆಲ್ಲ ಕಾರ್ಡ್‌ಗಳಿಗೆ ಸುಲಭವಾಗಿ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಯಕ್ಷಗಾನದ ಪದಗಳಲ್ಲಿ, ರಾಗ ತುಂಬಿದ ದಾಸರ ಪದಗಳಲ್ಲಿ ಸ್ವರವು ಒಂದೆಡೆ ನಿಲ್ಲದೆ ಗಮಕದಲ್ಲಿ ತೂಗುತ್ತದೆ. ಅಲ್ಲಿ ಮೇಲಿಂದ ಮೇಲೆ ಕಾರ್ಡ್ ಬದಲಿಸಿದರೆ ರಾಗದ ಮುಖವೇ ಮರೆಯಾಗುತ್ತದೆ. ಅಂತಹ ಹಾಡಿಗೆ ತಂಬೂರಿಯಂತೆ ಷಡ್ಜ ಮತ್ತು ಪಂಚಮಗಳ ತಂತಿಗಳನ್ನಷ್ಟೇ ಮೀಟುತ್ತಾ, ತಂತಿಯನ್ನು ತುಸು ಪಕ್ಕಕ್ಕೆ ಎಳೆದೋ ಬೆರಳನ್ನು ಜಾರಿಸಿಯೋ ಗಮಕವನ್ನು ತರಲು ಯತ್ನಿಸುವುದು ಲೇಸು. ಇದನ್ನು ನಿರ್ಣಯಿಸಲು ಪುಸ್ತಕ ನೆರವಾಗದು. ಭಾಗವತರ ಹಾಡನ್ನು ಇರುಳಿಡೀ ಕೇಳಿದ ಕಿವಿ ನೆರವಾಗುತ್ತದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಈ ಕಿವಿ ಬಳುವಳಿಯಾಗಿಯೇ ಬಂದಿದೆ.

ಶಾಲೆಯ ವೇದಿಕೆಯಲ್ಲಿ ಇತರರ ಹಾಡು ನುಡಿಸಿದರೆ ಕೃತಿಸ್ವಾಮ್ಯದ ತೊಂದರೆಯಾದೀತೇ ಎಂಬ ಅಳುಕು ಕೆಲವರಲ್ಲಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತದೆ. ವಿದ್ಯಾಸಂಸ್ಥೆಯ ಚಟುವಟಿಕೆಯ ಅಂಗವಾಗಿ ಅಲ್ಲಿನ ಸಿಬ್ಬಂದಿ ಹಾಗೂ ವಿದ್ಯಾರ್ಥಿಗಳು, ಸಂಸ್ಥೆಯವರು ಮತ್ತು ಮಕ್ಕಳ ತಂದೆತಾಯಿ ಪೋಷಕರು ಮುಂತಾದವರಷ್ಟೇ ಇರುವ ಸಭೆಯ ಮುಂದೆ ಸಂಗೀತಕೃತಿಯನ್ನು ಪ್ರದರ್ಶಿಸುವುದು ಉಲ್ಲಂಘನೆಯಲ್ಲ. ಅದನ್ನು ಚಿತ್ರೀಕರಿಸಿ ಅಂತರ್ಜಾಲಕ್ಕೆ ಏರಿಸುವುದು ಬೇರೆ ಪ್ರಶ್ನೆ. ಅದಕ್ಕೆ ಈ ವಿನಾಯಿತಿಯನ್ನು ನೆಚ್ಚಿಕೊಳ್ಳಲಾಗದು.

ಕವಿಯ ಮರಣದ ಮುಂದಿನ ವರ್ಷಾರಂಭದಿಂದ ಅರುವತ್ತು ವರ್ಷಗಳು ಸಂದ ಮೇಲೆ, ಆತನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು ಸಾರ್ವಜನಿಕರ ಸ್ವತ್ತಾಗುತ್ತವೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಆದುದರಿಂದ ‘ಗಿಳಿವಿಂಡು’ ಮೊದಲಾದ ಅವರ ಕವನಗಳು 2024ರ ಆರಂಭದಿಂದ ಎಲ್ಲರಿಗೂ ಮುಕ್ತವಾಗಿವೆ. ಗಡಿನಾಡಿನ ಕವಿಯ ಪದ್ಯಕ್ಕೆ ಗಡಿನಾಡಿನ ಮಗು ತನ್ನದೇ ಧಾಟಿ ಕಟ್ಟಿ ಗಿಟಾರ್ ನುಡಿಸಿದರೆ ಯಾರ ಅನುಮತಿಯೂ ಬೇಡ. ಹಿಂದೆ ಬೇರೊಬ್ಬರು ಹಾಕಿದ ರಾಗಸಂಯೋಜನೆಗೆ ಮಾತ್ರ ಪ್ರತ್ಯೇಕ ಹಕ್ಕು ಇರಬಹುದು.

ಹೆತ್ತವರಿಗೂ ಶಾಲೆಗೂ

ಹೆತ್ತವರು ಸಂಗೀತ ಬಲ್ಲವರಾಗಿರಬೇಕಿಲ್ಲ. ಎಳೆಯರಿಗೆ ಮುಕ್ಕಾಲು ಅಳತೆಯ, ನೈಲಾನ್ ತಂತಿಯ ಗಿಟಾರ್ ಬೆರಳಿಗೆ ಹಿತ. ಆರಂಭದ ವಾರಗಳಲ್ಲಿ ಬೆರಳ ತುದಿ ನೋಯುತ್ತದೆ. ದಿನಕ್ಕೆ ಹದಿನೈದು ನಿಮಿಷದ ಅಭ್ಯಾಸ ಸಾಕು, ಆದರೆ ತಪ್ಪಬಾರದು. ಕರಾವಳಿಯ ಮಳೆಗಾಲದಲ್ಲಿ ಲೋಹದ ತಂತಿಗೆ ತುಕ್ಕು ಹಿಡಿಯುವುದರಿಂದ ನುಡಿಸಿದ ಮೇಲೆ ಒಣಬಟ್ಟೆಯಿಂದ ಒರಸಿ ಚೀಲದಲ್ಲಿಡಬೇಕು. ಒಂದೇ ಸಾಲನ್ನು ಮಗು ಇಪ್ಪತ್ತು ಸಲ ತಪ್ಪಾಗಿ ನುಡಿಸುವಾಗ ಸಾಕು ನಿಲ್ಲಿಸು ಎನ್ನದಿರುವುದು ಮನೆಯವರು ನೀಡಬಹುದಾದ ದೊಡ್ಡ ನೆರವು. ಆ ಇಪ್ಪತ್ತು ಸಲದಲ್ಲಿಯೇ ಕಿವಿ ಕಲಿಯುತ್ತಿರುತ್ತದೆ.

ಗುರುವಿನ ಅಗತ್ಯವೇ ಇಲ್ಲವೆಂದು ಇದರ ಅರ್ಥವಲ್ಲ. ಕೈಯ ಭಂಗಿ, ತಾಳದ ಶಿಸ್ತು, ರಾಗದ ಮರ್ಮಗಳನ್ನು ಬಲ್ಲವರಿಂದಲೇ ಕಲಿಯಬೇಕು. ಆದರೆ ಗುರು ಸಿಗುವವರೆಗೆ, ಶುಲ್ಕಕ್ಕೆ ಹಣ ಒದಗುವವರೆಗೆ, ಕನ್ನಡದಲ್ಲಿ ಪುಸ್ತಕ ಬರುವವರೆಗೆ ಕಾಯುತ್ತಾ ಕೂರಬೇಕಾಗಿಲ್ಲ. ಶಾಲೆಯ ರಕ್ಷಕ ಶಿಕ್ಷಕ ಸಂಘ ಮನಸ್ಸು ಮಾಡಿದರೆ ಒಂದೆರಡು ಗಿಟಾರ್‌ಗಳನ್ನು ಕೊಂಡು, ವಾರಕ್ಕೊಂದು ಅವಧಿಯನ್ನು ಕೇಳಿ ನುಡಿಸುವುದಕ್ಕೆಂದೇ ಮೀಸಲಿಡಬಹುದು. ದಿನವೂ ಬೆಳಗ್ಗೆ ಹಾಡುವ ಪ್ರಾರ್ಥನೆ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವುದರಿಂದ ಆ ಅವಧಿಯ ಮೊದಲ ಪಾಠ ಅದೇ ಆಗಲಿ.