ಸೆರಾಂಪುರದ ಪದವಿಯೂ ಕೊಪ್ಪದ ಸಭೆಯೂ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕಾವೇರಿಯನ್ನು ದಾಟಿ ಕುಶಾಲನಗರವನ್ನು ಸೇರುವ ಮುನ್ನ ಸಿಗುವ ಊರು ಕೊಪ್ಪ. ಅಲ್ಲಿಂದ ಬೈಲುಕುಪ್ಪೆಯ ಕಡೆಗೆ ತಿರುಗಿದರೆ, 1961ರಿಂದ ಆಶ್ರಯ ಪಡೆದ ಟಿಬೆಟನ್ನರ ಮಠಗಳು ಕಾಣುತ್ತವೆ. ಸೆರಾ ಮಠದ ಭಿಕ್ಷುಗಳು ಗೆಶೆ ಪದವಿಗಾಗಿ ಹಲವು ವರ್ಷ ಶಾಸ್ತ್ರಗಳನ್ನು ಓದುತ್ತಾರೆ. ಓದು, ವಾದ, ಪರೀಕ್ಷೆ ಎಲ್ಲವೂ ಅವರ ಭಾಷೆಯಲ್ಲಿಯೇ. ಇದೇ ಸೀಮೆಯಿಂದ ಸಭಾಪಾಲನೆಗೆ ಕರೆಹೊಂದಿ ಹೊರಡುವ ನಮ್ಮ ಯುವಕ ಯುವತಿಯರಿಗೆ ಪದವಿ ಕೊಡುವ ವಿಶ್ವವಿದ್ಯಾಲಯ ಬಹು ದೂರದಲ್ಲಿ, ಹೂಗ್ಲಿ ನದಿಯ ದಡದ ಸೆರಾಂಪುರದಲ್ಲಿದೆ.

ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬವರು 1818ರಲ್ಲಿ ಅಲ್ಲಿ ಕಾಲೇಜನ್ನು ಸ್ಥಾಪಿಸಿದಾಗ ಆ ಊರು ಡೇನಿಷರ ಅಧೀನದಲ್ಲಿತ್ತು. ಆದುದರಿಂದಲೇ ಪದವಿ ನೀಡುವ ಅಧಿಕಾರವನ್ನು 1827ರಲ್ಲಿ ಡೆನ್ಮಾರ್ಕಿನ ಅರಸ ಆರನೆಯ ಫ್ರೆಡರಿಕ್ ಸನ್ನದಿನ ಮೂಲಕ ದಯಪಾಲಿಸಿದನು. 1845ರಲ್ಲಿ ಊರು ಬ್ರಿಟಿಷರಿಗೆ ಹಸ್ತಾಂತರವಾದರೂ ಸನ್ನದಿನ ಹಕ್ಕು ಉಳಿಯಿತು. ಆದರೆ ದೈವಶಾಸ್ತ್ರದ ಪದವಿಗಳು ಆ ಹಕ್ಕಿನ ಮೇಲೆ ದೊರೆತದ್ದು 1915ರಲ್ಲಿ ಮಾತ್ರ. 1918ರ ಬಂಗಾಳದ ಶಾಸನವು ಸೆನೆಟನ್ನು ರೂಪಿಸಿ, ಬೇರೆ ಪ್ರಾಂತ್ಯಗಳ ಕಾಲೇಜುಗಳು ಸಂಯೋಜನೆಗೊಳ್ಳಲು ದಾರಿಮಾಡಿತು. ಹೀಗೆ ದೈವಶಾಸ್ತ್ರದ ಮಟ್ಟಿಗೆ ಅದು ಚಿಕ್ಕ ವಿಶ್ವವಿದ್ಯಾಲಯ. ಅದರ ತರಗತಿಗಳು ಮಾತ್ರ ದೇಶದಾದ್ಯಂತ ಹರಡಿವೆ.

ಕನ್ನಡನಾಡಿನಲ್ಲಿ 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜೂ, 1965ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ರೂಪುಗೊಂಡ ಕರ್ನಾಟಕ ಥಿಯೊಲಾಜಿಕಲ್ ಕಾಲೇಜೂ ಆ ಸೆನೆಟಿಗೆ ಸೇರಿವೆ. ಎರಡನೆಯದು ಬಾಸೆಲ್ ಮಿಶನ್ನಿನ ಮಂಗಳೂರಿನ ಸೆಮಿನರಿಯೂ ತುಮಕೂರಿನ ಕನ್ನಡ ಸೆಮಿನರಿಯೂ ಒಂದಾದುದರ ಫಲ. ಬಿ.ಟಿಎಚ್., ಬಿ.ಡಿ., ಎಂ.ಟಿಎಚ್., ಡಿ.ಟಿಎಚ್. ಎಂಬುವು ಸೆನೆಟಿನ ಮುಖ್ಯ ಪದವಿಗಳು; ಸಭಾಸದಸ್ಯರು ಮನೆಯಲ್ಲಿದ್ದೇ ಓದುವ ಕ್ರೈಸ್ತ ಅಧ್ಯಯನದ ಪಠ್ಯಕ್ರಮಗಳೂ ಉಂಟು. ಬಿ.ಡಿ. ಪಠ್ಯದಲ್ಲಿ ಸತ್ಯವೇದ, ಸಭಾಚರಿತ್ರೆ, ದೈವಶಾಸ್ತ್ರ, ಇತರ ಧರ್ಮಗಳ ಅಧ್ಯಯನ, ಪಾಲನಾಸೇವೆ ಎಲ್ಲವೂ ಇವೆ. ಕೊರತೆ ಇರುವುದು ವಿಷಯಗಳಲ್ಲಲ್ಲ, ಭಾಷೆಯಲ್ಲಿ. ಗ್ರಂಥಾಲಯದಲ್ಲಿ ಕೈಗೆ ಸಿಗುವ ಪುಸ್ತಕಗಳು ಬಹುಪಾಲು ಇಂಗ್ಲಿಷಿನವು.

ಇದು ಸ್ಥಾಪಕರ ಉದ್ದೇಶವಾಗಿರಲಿಲ್ಲ. ಕೇರಿಯವರ ಕನ್ನಡ ವ್ಯಾಕರಣವು ಕಾಲೇಜಿಗಿಂತ ಒಂದು ವರ್ಷ ಮೊದಲೇ, 1817ರಲ್ಲಿ, ಸೆರಾಂಪುರದಲ್ಲಿಯೇ ಅಚ್ಚಾಯಿತು. ಮಂಗಳೂರಿನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು.

ನಷ್ಟ ಎಲ್ಲಿ ಎಂಬುದಕ್ಕೆ ಒಂದು ಪದವನ್ನೇ ನೋಡೋಣ. ಕ್ರಿಸ್ತನು ತನ್ನ ಪ್ರಾಣವನ್ನು ಕೊಟ್ಟದ್ದನ್ನು ಹೇಳುವಾಗ ಕನ್ನಡ ಸತ್ಯವೇದವು ‘ಈಡು’ ಎಂಬ ಪದವನ್ನು ಬಳಸುತ್ತದೆ. ವಿದ್ಯಾರ್ಥಿಯು ಓರಿಗೆನ್, ಆನ್ಸೆಲ್ಮ್, ಔಲೆನ್ ಇವರ ಪ್ರಾಯಶ್ಚಿತ್ತ ಸಿದ್ಧಾಂತಗಳನ್ನು ಇಂಗ್ಲಿಷಿನಲ್ಲಿ ಬರೆದು ಉತ್ತೀರ್ಣನಾಗುತ್ತಾನೆ. ಬರೆಯಲೇಬೇಕು, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಪಿರಿಯಾಪಟ್ಟಣ, ಹುಣಸೂರುಗಳಲ್ಲಿ ಹೊಗೆಸೊಪ್ಪು ಬೆಳೆಯುವ ರೈತನಿಗೆ ಈಡು ಎಂದರೆ ಸಾಲಕ್ಕೆ ಒತ್ತೆಯಿಟ್ಟ ಹೊಲ, ಹೆಂಡತಿಯ ಓಲೆ. ಹರಾಜಿನಲ್ಲಿ ಬೆಲೆ ಕುಸಿದರೆ ಅದು ಬಿಡುಗಡೆಯಾಗದು. ಬಿಡಿಸಿಕೊಳ್ಳಲು ತೆರಬೇಕಾದುದೇನೆಂದು ಅವನು ಬಲ್ಲ. ಆ ಪದದ ಭಾರ ತಿಳಿಯದ ಸಭಾಪಾಲಕನು ಅವನಿಗೆ ಅದನ್ನು ಬೋಧಿಸುತ್ತಾನೆ. ಜೊತೆಗೆ ಅಪಾಯವೂ ಉಂಟು: ದೇವರನ್ನು ಬಡ್ಡಿಗೆ ಸಾಲ ಕೊಟ್ಟವನೆಂದು ಆ ರೈತನು ತಿಳಿದರೆ ತಿದ್ದುವವರು ಯಾರು? ಇದನ್ನು ಚರ್ಚಿಸಬೇಕಾದ ಸ್ಥಳ ತರಗತಿ.

ಪಠ್ಯಕ್ರಮವನ್ನೇ ಬದಲಿಸಬೇಕೆಂದು ನಾವು ಕೇಳುತ್ತಿಲ್ಲ. ರಜೆಯಲ್ಲಿ ಹಳ್ಳಿಯ ಸಭೆಗಳಲ್ಲಿ ಸೇವೆ ಮಾಡಿ ಬರುವ ವಿದ್ಯಾರ್ಥಿಯು ವರದಿಯ ಜೊತೆಗೆ, ಅಲ್ಲಿ ಕೇಳಿದ ಇಂಥ ಒಂದು ಪದದ ಕುರಿತು ಕನ್ನಡದಲ್ಲಿ ಹತ್ತು ಪುಟಗಳ ಪ್ರಬಂಧ ಬರೆಯಲಿ. ಅಧ್ಯಾಪಕರಾದ ನಾವು ಅದನ್ನು ಕನ್ನಡದಲ್ಲಿಯೇ ಓದಿ ಅಂಕ ಕೊಡೋಣ.