ನೆಟ್‌ವರ್ಕ್ ಪೆಟ್ಟಿಗೆಗೆ ತಕ್ಕ ವಿದ್ಯುತ್ ಸಾಕೆಟ್: ಅಂದಾಜು ಪತ್ರಿಕೆಗೆ ಒಪ್ಪಿಗೆ ನೀಡುವ ಮುನ್ನ

ಗ್ರಾಮ ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆಯೊಂದು ಇರುವುದು ಈಗ ಸಾಮಾನ್ಯ. 2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಆಪ್ಟಿಕಲ್ ಫೈಬರ್ ಕೇಬಲ್ಲು ಬಂದು ಸೇರುವುದು ಇಂತಹ ಪೆಟ್ಟಿಗೆಗೆ. ಇ-ಸ್ವತ್ತಿನ ನಮೂನೆ 9 ಮತ್ತು 11, ತೆರಿಗೆ ರಸೀದಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು ಅದರೊಳಗಿನ ಸಣ್ಣ ದೀಪಗಳು ಉರಿಯುತ್ತಿದ್ದರೆ ಮಾತ್ರ ಮುಂದೆ ಸಾಗುತ್ತವೆ. ದೀಪ ಆರಿದರೆ ಕಚೇರಿಯಲ್ಲಿ "ನೆಟ್ ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಪೆಟ್ಟಿಗೆಯ ಬಾಗಿಲು ತೆರೆದು ನೋಡಿದಲ್ಲಿ, ಸಡಿಲಗೊಂಡ ಪ್ಲಗ್ಗು ಅಥವಾ ಸುಟ್ಟುಹೋದ ಅಡಾಪ್ಟರು ಎಷ್ಟೋ ಸಲ ಅದಕ್ಕೆ ಕಾರಣವಾಗಿರುತ್ತದೆ. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳಿಗೆ ತಂತ್ರಜ್ಞರು ವಿಜಯಪುರದಿಂದ ಬರಬೇಕಾದಾಗ, ಸಾಕೆಟ್ಟಿನ ಸಣ್ಣ ದೋಷಕ್ಕಾಗಿ ರೈತನೊಬ್ಬನ ಉತಾರ ಒಂದೆರಡು ದಿನ ತಡವಾಗುತ್ತದೆ.

ಮೊದಲು ಹೊರೆಯ ಲೆಕ್ಕವನ್ನು ನೋಡಬೇಕು. ಫೈಬರ್ ಕೊನೆಗೊಳ್ಳುವ ಓಎನ್‌ಟಿ ಉಪಕರಣ, ವೈ-ಫೈ ರೂಟರ್ ಮತ್ತು ಸಣ್ಣ ಸ್ವಿಚ್ ಸಾಮಾನ್ಯವಾಗಿ ತಲಾ 10ರಿಂದ 25 ವ್ಯಾಟ್‌ನೊಳಗೆ ಕೆಲಸ ಮಾಡುತ್ತವೆ. ಸಿಸಿ ಕ್ಯಾಮೆರಾದ ರೆಕಾರ್ಡರು ಸೇರಿ ಒಟ್ಟು 115 ವ್ಯಾಟ್ ಆಯಿತೆಂದರೂ, 230 ವೋಲ್ಟ್‌ನಲ್ಲಿ ಹರಿಯುವ ಕರೆಂಟು ಅರ್ಧ ಆಂಪಿಯರ್ ಮಾತ್ರ. ಆದ್ದರಿಂದ ಪೆಟ್ಟಿಗೆಗೆ 6 ಆಂಪಿಯರ್ ಸಾಕೆಟ್ಟುಗಳೇ ಸಾಕು. ದೊಡ್ಡದಿದ್ದರೆ ಒಳ್ಳೆಯದೆಂಬ ಭಾವನೆಯಿಂದ 16 ಆಂಪಿಯರ್ ಸಾಕೆಟ್ಟು ಬರೆಯಿಸುವುದರಿಂದ ಪ್ರಯೋಜನವಿಲ್ಲ; ಅಂತಹ ಸಾಕೆಟ್ಟು ಕಂಡಲ್ಲಿ ಇಂದಲ್ಲ ನಾಳೆ ಚಹಾ ಕಾಯಿಸುವ ಕೆಟಲ್ ಬಂದು ಕೂಡುತ್ತದೆ.

ಸಾಕೆಟ್ಟಿನ ಸಾಮರ್ಥ್ಯಕ್ಕಿಂತ ಸಂಖ್ಯೆ ಮತ್ತು ಅಂತರ ಮುಖ್ಯ. ಅಡಾಪ್ಟರಿನ ದಪ್ಪ ಮೈ ಪಕ್ಕದ ಸಾಕೆಟ್ಟನ್ನು ಮುಚ್ಚುವುದರಿಂದ, ಆರು ಸಾಕೆಟ್ಟಿನ ಪಟ್ಟಿಯಲ್ಲಿ ಬಳಕೆಗೆ ಸಿಗುವವು ಮೂರೋ ನಾಲ್ಕೋ. ಇಂದು ನಾಲ್ಕು ಉಪಕರಣಗಳಿದ್ದರೆ ಅಗಲವಾದ ಅಂತರವುಳ್ಳ ಆರು ಸಾಕೆಟ್ಟು ಕೇಳುವುದು ಸೂಕ್ತ. ಇನ್ನೊಂದು ತೊಡಕು ಪ್ಲಗ್ಗಿನ ಕಡ್ಡಿಗಳದ್ದು. ಭಾರತೀಯ ಮಾನಕ ಐಎಸ್ 1293ರಂತೆ 6 ಆಂಪಿಯರ್ ಮೂರು ಕಡ್ಡಿ ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಕಡ್ಡಿಗಳು ಸುಮಾರು 5 ಮಿಲಿಮೀಟರ್ ದಪ್ಪ. ಅನೇಕ ಅಡಾಪ್ಟರುಗಳಿಗೆ ಇರುವುದು 4 ಮಿಲಿಮೀಟರಿನ ಯುರೋಪಿಯನ್ ಮಾದರಿಯ ಎರಡು ಕಡ್ಡಿ. ಸವೆದ ಸಾಕೆಟ್ಟಿನಲ್ಲಿ ಅದು ಅಲುಗಾಡುತ್ತದೆ, ಕಿಡಿ ಹಾರಿ ಒಳಗಿನ ಹಿತ್ತಾಳೆ ಕಪ್ಪಾಗುತ್ತದೆ, ಉಪಕರಣ ತಾನಾಗಿಯೇ ಆರಿ ಹೊತ್ತುತ್ತದೆ. ಎಲ್ಲ ಬಗೆಯ ಪ್ಲಗ್ಗನ್ನೂ ನುಂಗುವ ಅಗ್ಗದ ಸಾಕೆಟ್ಟುಗಳು ಯಾವ ಪ್ಲಗ್ಗನ್ನೂ ಬಿಗಿಯಾಗಿ ಹಿಡಿಯಲಾರವು. ಐಎಸ್‌ಐ ಗುರುತಿರುವ ಸಾಕೆಟ್ಟನ್ನು ಕೊಳ್ಳುವುದು, ಪ್ಲಗ್ಗು ಹಾಕಿ ಎಳೆದು ನೋಡುವುದು ಅಗತ್ಯ. ನೆಲದ ಮೇಲೆ ಎಳೆದ ಎಕ್ಸ್‌ಟೆನ್ಷನ್ ಬಾಕ್ಸು ತಾತ್ಕಾಲಿಕ ಸಲಕರಣೆ. ಅದನ್ನು ಕಾಯಂ ಮಾಡಿದರೆ ಕಸ ಗುಡಿಸುವಾಗ ಕಾಲು ತಾಗಿದರೂ ಕಚೇರಿಯ ಸಂಪರ್ಕ ಕಡಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಸಾಕೆಟ್ಟಿನ ಮೇಲ್ಭಾಗದ ಮೂರನೆಯ ರಂಧ್ರಕ್ಕೆ, ಅಂದರೆ ಅರ್ಥಿಂಗ್‌ಗೆ. ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಡಬ್ಬಿಯನ್ನು ಮುಟ್ಟಿ ಜುಮ್ಮೆನ್ನಿಸಿಕೊಂಡ ದ್ರಾಕ್ಷಿ ಬೆಳೆಗಾರರಿಗೆ ಇದರ ಮಹತ್ವ ಬೇರೆ ಹೇಳಬೇಕಾಗಿಲ್ಲ. ನೆಟ್‌ವರ್ಕ್ ಪೆಟ್ಟಿಗೆಯೂ ಕಬ್ಬಿಣದ್ದೇ. ಏಪ್ರಿಲ್-ಮೇ ತಿಂಗಳ ಸಿಡಿಲಿನ ಮಳೆಯಲ್ಲಿ ವಿದ್ಯುತ್ ತಂತಿಯಿಂದ ಕ್ಷಣಮಾತ್ರದ ಅತಿ ವೋಲ್ಟೇಜು ಒಳನುಗ್ಗಬಹುದು. ಫೈಬರ್ ಎಳೆ ಗಾಜಿನದಾದ್ದರಿಂದ ಅದರಲ್ಲಿ ವಿದ್ಯುತ್ತು ಹರಿಯದು. ಆದರೆ ಉಕ್ಕಿನ ಕವಚವಿರುವ ಕೇಬಲ್ಲಾದರೆ ಆ ಕವಚವನ್ನೂ ಅರ್ಥಿಂಗ್‌ಗೆ ಜೋಡಿಸಬೇಕು. ಹೊರಗೋಡೆಯ ಕ್ಯಾಮೆರಾದಿಂದ ಬರುವ ತಾಮ್ರದ ಕೇಬಲ್ಲು ಮತ್ತೊಂದು ದಾರಿ. ಸರ್ಜ್ ರಕ್ಷಣೆಯ ಪಟ್ಟಿ ಕೊಂಡರೆ ಸಾಕೆಂಬುದು ಪೂರ್ಣ ಸತ್ಯವಲ್ಲ. ಹೆಚ್ಚುವರಿ ವೋಲ್ಟೇಜನ್ನು ಭೂಮಿಗೆ ಹರಿಸುವುದು ಆ ಪಟ್ಟಿಯ ಮುಖ್ಯ ಕೆಲಸ. ಭೂಮಿಗೆ ದಾರಿಯೇ ಇಲ್ಲದಲ್ಲಿ ಅದು ಬಹುಪಾಲು ಸಾಧಾರಣ ಎಕ್ಸ್‌ಟೆನ್ಷನ್ ಬಾಕ್ಸೇ.

ಇಲ್ಲಿನ ನೆಲದ ಗುಣವನ್ನೂ ತಿಳಿಯಬೇಕು. ಡೋಣಿ ಸಾಲಿನ ಎರೆ ಮಣ್ಣು ಹಸಿಯಿದ್ದಾಗ ವಿದ್ಯುತ್ತಿಗೆ ಒಳ್ಳೆಯ ದಾರಿ ಕೊಡುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಅರ್ಥಿಂಗ್ ಕೊಳವೆಯಿಂದ ದೂರ ಸರಿಯುತ್ತದೆ. ಕಲ್ಲು ಮಿಶ್ರಿತ ಮಡ್ಡಿ ನೆಲದಲ್ಲಂತೂ ವರ್ಷವಿಡೀ ಪ್ರತಿರೋಧ ಹೆಚ್ಚು. ಹೀಗಾಗಿ ಮಳೆಗಾಲದಲ್ಲಿ ಅಳೆದು ಸರಿಯಿದೆಯೆಂದು ಬರೆದ ಅರ್ಥಿಂಗ್, ಸಿಡಿಲು ಬಡಿಯುವ ಮೇ ತಿಂಗಳಲ್ಲಿ ಕೈಕೊಡಬಹುದು. ಅಳತೆಯನ್ನು ಬೇಸಿಗೆಯಲ್ಲಿಯೇ ಮಾಡಿಸಬೇಕು. 5 ಓಮ್‌ಗಿಂತ ಕಡಿಮೆ ಪ್ರತಿರೋಧ ಇರತಕ್ಕದ್ದೆಂದು ಕಾರ್ಯಾದೇಶದಲ್ಲಿ ನಮೂದಿಸಬಹುದು. ಗುಂಡಿಗೆ ಬೆಂಟೊನೈಟ್ ಮಣ್ಣು ತುಂಬಿಸುವುದರಿಂದ ತೇವ ಉಳಿಯುತ್ತದೆ. ಉಪ್ಪು-ಇದ್ದಿಲಿನ ಹಳೆಯ ಪದ್ಧತಿಯಲ್ಲಿ ಉಪ್ಪು ಕಬ್ಬಿಣದ ಕೊಳವೆಯನ್ನು ತಿನ್ನುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕುವ ಕೆಲಸವನ್ನು ಸಿಬ್ಬಂದಿಯೊಬ್ಬರಿಗೆ ವಹಿಸಿದರೆ ಖರ್ಚೇನೂ ಇಲ್ಲ.

ಪೆಟ್ಟಿಗೆಗೆ ಮುಖ್ಯ ಫಲಕದಿಂದ ಪ್ರತ್ಯೇಕ ಸರ್ಕ್ಯೂಟ್ ಇರುವುದು ಲೇಸು: 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, 6 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ಆರ್‌ಸಿಸಿಬಿ. ಇಡೀ ಕಚೇರಿಗೆ ಒಂದೇ ಆರ್‌ಸಿಸಿಬಿ ಇದ್ದರೆ, ಕುಡಿಯುವ ನೀರಿನ ಕೂಲರಿನ ದೋಷಕ್ಕೆ ಅಂತರ್ಜಾಲವೂ ನಿಲ್ಲುತ್ತದೆ. ಯುಪಿಎಸ್ ಕೊಳ್ಳುವಾಗ ಅದರ ಹಿಂಭಾಗವನ್ನು ನೋಡಬೇಕು. ಕೆಲವು ಮಾದರಿಗಳಲ್ಲಿ ಕಂಪ್ಯೂಟರ್ ಕೇಬಲ್ಲಿಗೆ ಹೊಂದುವ ಸಿ13 ಮಾದರಿಯ ಸಾಕೆಟ್ಟುಗಳು ಮಾತ್ರ ಇರುತ್ತವೆ. ಅಡಾಪ್ಟರು ಅದಕ್ಕೆ ಕೂಡುವುದಿಲ್ಲ. ಅಲ್ಲಿ ಸಿ14 ಪ್ಲಗ್ಗಿರುವ ಸಾಕೆಟ್ ಪಟ್ಟಿಯನ್ನು ಕೊಳ್ಳಬೇಕೇ ಹೊರತು ತಂತಿ ಸುಲಿದು ಕಟ್ಟಿಸಬಾರದು. ಸೀಸ-ಆಮ್ಲ ಬ್ಯಾಟರಿಯನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಇಡುವಂತಿಲ್ಲ, ಚಾರ್ಜಾಗುವಾಗ ಹೊರಡುವ ಅನಿಲ ಬೆಂಕಿಗೆ ಆಸ್ಪದ ಕೊಡುತ್ತದೆ. ಹೊರಗೆ 40 ಡಿಗ್ರಿ ದಾಟುವ ಈ ಸೀಮೆಯ ಬಿಸಿಲಿನಲ್ಲಿ ಅಡಾಪ್ಟರುಗಳನ್ನು ಒಂದರ ಮೇಲೊಂದು ಪೇರಿಸುವುದೂ ಸಲ್ಲದು.

ವಿಜಯಪುರ ನಗರದ ಹೊಸ ಮನೆಗಳಲ್ಲಿ ಫೈಬರ್ ಸಂಪರ್ಕಕ್ಕೆಂದು ಬಾಗಿಲ ಪಕ್ಕ ಬಿಡುತ್ತಿರುವ ಸಣ್ಣ ಗೂಡಿಗೂ, ಪಂಚಾಯತಿಯ ಅರಿವು ಕೇಂದ್ರಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಮನೆಯ ಗೂಡಿನಲ್ಲಿ ಎರಡು ಉಪಕರಣವಿದ್ದರೆ ನಾಲ್ಕು ಸಾಕೆಟ್ಟು ಸಾಕು. ಗಾರೆ ಕೆಲಸಕ್ಕೆ ಮುನ್ನವೇ ಅರ್ಥಿಂಗ್ ತಂತಿ ಎಳೆಯಿಸಿದರೆ ಮುಂದೆ ಗೋಡೆ ಒಡೆಯುವ ಪ್ರಸಂಗ ಬಾರದು.

ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಬಿಲ್ಲು ಪಾವತಿಗೆ ಮುನ್ನ ಸದಸ್ಯರ ಸಮಕ್ಷಮ ಅವರೇ ಮೀಟರ್ ಹಿಡಿದು ಮೂರು ಅಳತೆ ತೋರಿಸಲಿ. ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್-ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಮಾತ್ರ ಬರಬೇಕು. ಎರಡನೆಯದು ಶೂನ್ಯದ ಹತ್ತಿರ ಬಂದರೆ ಅರ್ಥಿಂಗ್ ತಂತಿ ಎಲ್ಲಿಗೂ ಜೋಡಣೆಯಾಗಿಲ್ಲವೆಂದು ತಿಳಿಯಬೇಕು. ನ್ಯೂಟ್ರಲ್‌ನಿಂದಲೇ ಅರ್ಥ್ ರಂಧ್ರಕ್ಕೆ ತುಂಡು ತಂತಿ ಹಾಕಿದರೂ ಮೂರೂ ಅಳತೆ ಸರಿಯಾಗಿಯೇ ಕಾಣುತ್ತವೆ. ಅದು ಪ್ರಾಣಾಪಾಯದ ಕೆಲಸ. ಆದ್ದರಿಂದ ಒಂದು ಸಾಕೆಟ್ಟನ್ನಾದರೂ ಬಿಚ್ಚಿಸಿ ನೋಡಬೇಕು. ಭಾರತ್‌ನೆಟ್ ಉಪಕರಣಗಳು ಪಂಚಾಯತಿಯ ಸ್ವತ್ತಲ್ಲವಾದ್ದರಿಂದ ಅವುಗಳನ್ನು ಬಿಚ್ಚುವ ಅಥವಾ ಸ್ಥಳಾಂತರಿಸುವ ಮುನ್ನ ಸಂಬಂಧಿತ ಸಂಸ್ಥೆಗೆ ಪತ್ರ ಬರೆದು ಒಪ್ಪಿಗೆ ಪಡೆಯತಕ್ಕದ್ದು.